ಕರಿಬೀರಿನ ಲಕ್ಷಣ ಮೀಮಾಂಸೆ

ಶಾಸ್ತ್ರಗ್ರಂಥವೊಂದು ಆರಂಭವಾಗುವ ಮುನ್ನ ಅದರ ವಿಷಯ ಯಾವುದು, ಪ್ರಯೋಜನವೇನು, ಅದನ್ನು ಓದಲು ಅಧಿಕಾರಿ ಯಾರು, ಇವುಗಳ ನಡುವಣ ಸಂಬಂಧ ಎಂಥದು ಎಂಬ ನಾಲ್ಕನ್ನು ನಿರೂಪಿಸಬೇಕೆಂಬುದು ಪ್ರಾಚೀನರ ನಿಯಮ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಪ್ರಸ್ತುತ ಪ್ರಬಂಧದ ವಿಷಯ ಓಟ್‌ಮೀಲ್ ಸ್ಟೌಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಗೆ (ಇದಕ್ಕೆ ಮಾಲ್ಟ್ ಎಂದು ಹೆಸರು) ಕಾಫಿಬೀಜದಂತೆ ಕಪ್ಪಗೆ ಹುರಿದ ಒಂದು ಪಾಲನ್ನೂ ಒಂದಿಷ್ಟು ಓಟ್ಸನ್ನೂ ಸೇರಿಸಿ, ರಸ ತೆಗೆದು, ಹಾಪ್ಸ್ ಹೂವಿನೊಡನೆ ಕುದಿಸಿ, ಯೀಸ್ಟ್ ಹಾಕಿ ಹುದುಗು ಬರಿಸಿದ ಕಪ್ಪು ಬೀರು. ಪ್ರಯೋಜನ ಅದನ್ನು ಕುಡಿಯುವುದಲ್ಲ, ಏಕೆಂದರೆ ಕುಡಿಯುವುದಕ್ಕೆ ಶಾಸ್ತ್ರದ ನೆರವು ಎಂದೂ ಬೇಕಾದದ್ದಿಲ್ಲ. ಕುಡಿದದ್ದಕ್ಕೆ ಅಂಕ ಕೊಡುವುದು. ಅಧಿಕಾರಿ ಎಂದರೆ ನೆಗಡಿ ಇಲ್ಲದವನು. ಸಂಬಂಧವನ್ನು ಮರುದಿನ ಬೆಳಿಗ್ಗೆ ವಿವೇಚಿಸುವುದು ವಾಡಿಕೆ.

ಮೊದಲು ಪದವಿಚಾರ. ‘ಸ್ಟೌಟ್’ ಎಂಬ ಶಬ್ದಕ್ಕೆ ಇಂದಿನ ಇಂಗ್ಲಿಷಿನಲ್ಲಿ ದಪ್ಪ ಮೈಯವನು ಎಂಬ ಅರ್ಥ ಮುಂದಾಗಿದ್ದರೂ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅದು ‘ಕಸುವುಳ್ಳದ್ದು’ ಎಂಬ ವಿಶೇಷಣವಾಗಿತ್ತು. ಮೂಟೆ ಹೊರುವ ಕೂಲಿಗಳಿಗೆ ಪ್ರಿಯವಾಗಿ ಅವರ ಹೆಸರನ್ನೇ ಪಡೆದ ಪೋರ್ಟರ್ ಎಂಬ ಕಂದು ಬೀರಿನಲ್ಲಿ ಕಸುವು ಹೆಚ್ಚಿದ್ದನ್ನು ಸ್ಟೌಟ್ ಪೋರ್ಟರ್ ಎಂದು ಕರೆದರು, ಕಾಲಕ್ರಮದಲ್ಲಿ ವಿಶೇಷ್ಯವು ಲೋಪವಾಗಿ ವಿಶೇಷಣವೇ ಗದ್ದುಗೆಯೇರಿತು. ‘ಎರಡು ಸ್ಟ್ರಾಂಗ್’ ಎಂದು ಕೂಗಿ ಕಾಫಿ ತರಿಸಿಕೊಳ್ಳುವ ದರ್ಶಿನಿಯ ಗಿರಾಕಿಗೆ ಈ ವ್ಯಾಕರಣಕಾರ್ಯ ಹೊಸದಲ್ಲ. ಬಣ್ಣ ಕಂದಿನಿಂದ ಕಪ್ಪಿಗೆ ತಿರುಗಲು ಮಾತ್ರ 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಪೇಟೆಂಟ್ ಪಡೆದ, ಮಾಲ್ಟನ್ನು ಸುಟ್ಟುಹೋಗದಂತೆ ಕಪ್ಪಗೆ ಹುರಿಯುವ ಉರುಳೆಯಂತ್ರ ಬರಬೇಕಾಯಿತು.

ಎರಡನೆಯ ಪದವಾದ ಓಟ್ಸ್‌ಗೆ ಕನ್ನಡದ ನಿಘಂಟುಗಳಲ್ಲಿ ತೋಕೆಗೋಧಿ ಎಂಬ ಚೆಲುವಾದ ಹೆಸರಿದ್ದರೂ, ಆ ಹೆಸರು ಹಿಡಿದು ಕಿರಾಣಿ ಅಂಗಡಿಗೆ ಹೋದವರು ಗೋಧಿಯನ್ನೇ ತರುವ ಸಂಭವವಿರುವುದರಿಂದ ಇಲ್ಲಿ ಓಟ್ಸ್ ಎಂದೇ ಬಳಸಲಾಗಿದೆ. ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ಸ್ಟೌಟನ್ನು ಕಸುವಾದ ಬೀರಿನ ಆಡುಮಾತಿನ ಹೆಸರೆಂದು ನಮೂದಿಸಿದ. ಓಟ್ಸನ್ನು ಇಂಗ್ಲೆಂಡಿನಲ್ಲಿ ಕುದುರೆಯೂ ಸ್ಕಾಟ್ಲೆಂಡಿನಲ್ಲಿ ಮನುಷ್ಯರೂ ತಿನ್ನುವ ಧಾನ್ಯವೆಂದು ವಿವರಿಸಿ ಸ್ಕಾಟರ ಶಾಶ್ವತ ಕೋಪಕ್ಕೆ ಪಾತ್ರನಾದ. ಒಂದೇ ಗ್ರಂಥದಲ್ಲಿ ದೂರದೂರ ಕುಳಿತಿದ್ದ ಈ ಎರಡು ಶಬ್ದಗಳಿಗೆ ಲಗ್ನ ಕೂಡಿಬರಲು ನೂರನಲವತ್ತು ವರ್ಷ ಹಿಡಿಯಿತು. ನಡುವೆ, ಮಾಲ್ಟಿನ ಮೇಲಿದ್ದ ತೆರಿಗೆಯನ್ನು ತೆಗೆದು ತನಗೆ ಬೇಕಾದ ಧಾನ್ಯವನ್ನು ಹಾಕುವ ಸ್ವಾತಂತ್ರ್ಯವನ್ನು ಬೀರು ತಯಾರಕನಿಗೆ ಕೊಟ್ಟ 1880ರ ಕಾಯಿದೆ ಬಂದಿತು. 1895ರಲ್ಲಿ ಸ್ಕಾಟ್ಲೆಂಡಿನ ಅಲೋವಾ ಊರಿನ ಮೆಕ್ಲೇ ಕಂಪನಿಯು ಶೇಕಡಾ 70ರಷ್ಟು ಓಟ್ಸ್ ಮಾಲ್ಟ್ ಹಾಕಿದ ಸ್ಟೌಟನ್ನು ಮಾರುಕಟ್ಟೆಗೆ ತಂದಿತು. ಗಂಜಿ ಪುಷ್ಟಿಕರ, ಬೀರು ಸಂತೋಷಕರ, ಎರಡೂ ಒಂದೇ ಬಾಟಲಿಯಲ್ಲಿ ಎಂಬ ವಾದಕ್ಕೆ ಆ ಕಾಲದಲ್ಲಿ ಎದುರಾಡುವವರು ಕಡಿಮೆ.

ಜಾನ್ಸನ್ನನ ಪಾತ್ರ ಇಲ್ಲಿಗೇ ಮುಗಿಯುವುದಿಲ್ಲ. ಅವನ ಸ್ನೇಹಿತ ಹೆನ್ರಿ ಥ್ರೇಲ್ 1781ರಲ್ಲಿ ತೀರಿಕೊಂಡಾಗ, ಲಂಡನ್ನಿನ ಸೌತ್‌ವರ್ಕ್‌ನಲ್ಲಿದ್ದ ಅವನ ಆಂಕರ್ ಬ್ರೂವರಿಯನ್ನು 1,35,000 ಪೌಂಡಿಗೆ ಮಾರಿದ ಉಯಿಲಿನ ನಿರ್ವಾಹಕರಲ್ಲಿ ಈ ನಿಘಂಟುಕಾರನೂ ಒಬ್ಬ. ಕೊಂಡವರ ಕೈಯಲ್ಲಿ ಅದು ಬಾರ್ಕ್ಲೇ ಪರ್ಕಿನ್ಸ್ ಎಂದಾಯಿತು. ಆ ಬಾರ್ಕ್ಲೇ ಪರ್ಕಿನ್ಸ್ 1936ರಲ್ಲಿ ಮಾರುತ್ತಿದ್ದ ಓಟ್‌ಮೀಲ್ ಸ್ಟೌಟಿನಲ್ಲಿ ಇದ್ದ ಓಟ್ಸ್ ಶೇಕಡಾ ಅರ್ಧ, ಎಂದರೆ ಇನ್ನೂರು ಸೇರು ಧಾನ್ಯಕ್ಕೆ ಒಂದು ಸೇರು. ಅಷ್ಟೇ ಅಲ್ಲ, ಒಂದೇ ರುಬ್ಬಿನ ಧಾನ್ಯದಿಂದ ತೆಗೆದ ರಸಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಹಲವು ಬೀರುಗಳನ್ನು ಮಾಡುವ ಪದ್ಧತಿ ಅಲ್ಲಿದ್ದುದರಿಂದ, ಅವರ ಸಾದಾ ಪೋರ್ಟರಿನಲ್ಲೂ ಸಾದಾ ಸ್ಟೌಟಿನಲ್ಲೂ ಅಷ್ಟೇ ಓಟ್ಸ್ ಇತ್ತು. ವ್ಯತ್ಯಾಸವನ್ನು ಪ್ರಧಾನವಾಗಿ ಚೀಟಿ ಅಂಟಿಸುವವನು ನಿರ್ವಹಿಸುತ್ತಿದ್ದ. ನಿಘಂಟುಕಾರನ ಕೈದಾಟಿ ಬಂದ ಕಾರ್ಖಾನೆಯು ಧಾನ್ಯಕ್ಕಿಂತ ಶಬ್ದವನ್ನು ಹೆಚ್ಚಾಗಿ ಮಾರಿದ್ದರಲ್ಲಿ ಒಂದು ಔಚಿತ್ಯವಿದೆ.

ಇಲ್ಲಿ ತರ್ಕಶಾಸ್ತ್ರದ ಸಹಾಯ ಅನಿವಾರ್ಯ. ಒಂದು ವಸ್ತುವನ್ನು ಮಿಕ್ಕೆಲ್ಲದರಿಂದ ಬೇರ್ಪಡಿಸುವ ಧರ್ಮಕ್ಕೆ ಲಕ್ಷಣವೆಂದೂ ಆ ವಸ್ತುವಿಗೆ ಲಕ್ಷ್ಯವೆಂದೂ ನೈಯಾಯಿಕರು ಹೇಳುತ್ತಾರೆ. ಹಸುವಿಗೆ ‘ಕೊಂಬುಳ್ಳದ್ದು’ ಎಂಬ ಲಕ್ಷಣ ಹೇಳಿದರೆ ಎಮ್ಮೆಯೂ ಒಳಗೆ ಬರುವುದರಿಂದ ಅದು ಅತಿವ್ಯಾಪ್ತಿ. ‘ಕಪಿಲವರ್ಣದ್ದು’ ಎಂದರೆ ಬಿಳಿಯ ಹಸು ಹೊರಗುಳಿಯುವುದರಿಂದ ಅವ್ಯಾಪ್ತಿ. ‘ಸೀಳಿಲ್ಲದ ಗೊರಸಿನದು’ ಎಂದರೆ ಅಂಥ ಹಸುವೇ ಇಲ್ಲದ್ದರಿಂದ ಅಸಂಭವ. ಪುಟ್ಟ ಇತಿಹಾಸವುಳ್ಳ ಈ ಬೀರು ಮೂರು ದೋಷಗಳನ್ನೂ ಅನುಭವಿಸಿದೆ. ‘ಓಟ್ಸ್ ಇರುವ ಕರಿಬೀರು’ ಎಂಬ ಲಕ್ಷಣ ಬಾರ್ಕ್ಲೇ ಪರ್ಕಿನ್ಸಿನ ಪೀಪಾಯಿಗಳಲ್ಲಿ ಅತಿವ್ಯಾಪ್ತವಾಯಿತು. ಬಳಿಕ ಬೀರೇ ಕಣ್ಮರೆಯಾಗುತ್ತ ಬಂದು, 1970ರ ದಶಕ ಮುಗಿಯುವ ಹೊತ್ತಿಗೆ ಹೆಸರು ಮಾತ್ರ ಉಳಿದು ಅಸಂಭವಕ್ಕೆ ಅಚ್ಚುಕಟ್ಟಾದ ಉದಾಹರಣೆಯಾಯಿತು.

ಮುಂದೆ ನಡೆದದ್ದು ಶಾಸ್ತ್ರಗಳ ಚರಿತ್ರೆಯಲ್ಲಿ ಅಪರೂಪ. ಇಂಗ್ಲೆಂಡಿನ ಬೀರು ಲೇಖಕ ಮೈಕಲ್ ಜಾಕ್ಸನ್ (ಹಾಡಿ ಕುಣಿದವನು ಬೇರೆ) 1977ರಲ್ಲಿ ಪ್ರಕಟಿಸಿದ ಜಗತ್ತಿನ ಬೀರುಗಳ ಕೈಪಿಡಿಯಲ್ಲಿ ಈ ಕಾಣೆಯಾದ ಪ್ರಕಾರವನ್ನು ಪ್ರಸ್ತಾಪಿಸಿದ; ಅದನ್ನು ಓದಿದ ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕೆಲ್, ಯಾರ್ಕ್‌ಷೈರಿನ ಟ್ಯಾಡ್‌ಕಾಸ್ಟರ್ ಊರಿನಲ್ಲಿ 1758ರಿಂದಲೂ ಇರುವ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರನ್ನು ಅಂಥದೊಂದನ್ನು ಮಾಡಿಕೊಡಿರೆಂದು ಕೇಳಿಕೊಂಡ; 1980ರಲ್ಲಿ ಶೇಕಡಾ 5 ಮದ್ಯಸಾರದ ಬೀರು ಸಿದ್ಧವಾಯಿತು. ಅದನ್ನು ಕಂಡು ಅಮೆರಿಕದ ಸಣ್ಣ ಬ್ರೂವರಿಗಳು ಮಾಡತೊಡಗಿದವು, ಅವನ್ನೆಲ್ಲ ನೋಡಿ ತೀರ್ಪುಗಾರರು ಲಕ್ಷಣ ಬರೆದರು. ಲೋಕದಲ್ಲಿ ಮೊದಲು ಕಾವ್ಯ, ಆಮೇಲೆ ಅಲಂಕಾರಶಾಸ್ತ್ರ. ಇಲ್ಲಿ ಮೊದಲು ವಾಕ್ಯ, ಆಮೇಲೆ ಬೀರು. ಇಂದು ಲೋಟ ಎತ್ತಿ ‘ಇದು ಸಂಪ್ರದಾಯಬದ್ಧವಾಗಿದೆ’ ಎಂದು ತಲೆದೂಗುವವರು ಹೋಲಿಸಿ ನೋಡುತ್ತಿರುವುದು ಮುತ್ತಜ್ಜನ ಕಾಲದ ರುಚಿಯೊಡನೆ ಅಲ್ಲ, ಒಂದು ಮುದ್ರಿತ ಪುಟದೊಡನೆ.

ಆ ಪುಟದ ಇಂದಿನ ರೂಪವನ್ನು ಕಾಯುತ್ತಿರುವುದು 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಿಜೆಸಿಪಿ ಎಂಬ, ಬೀರು ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಅರ್ಹತಾಪತ್ರ ಕೊಡುವ ಸಂಸ್ಥೆ. ಅದರ ಕೈಪಿಡಿಯ ಪ್ರಕಾರ ಓಟ್‌ಮೀಲ್ ಸ್ಟೌಟಿನ ಮದ್ಯಸಾರ ಶೇಕಡಾ 4.2ರಿಂದ 5.9ರವರೆಗೆ ಇರಬೇಕು, ನೊರೆ ದಟ್ಟವಾಗಿ, ಕೆನೆಯಂತೆ, ಕಂದುಬಣ್ಣದ್ದಾಗಿ ನಿಲ್ಲಬೇಕು, ಬೀರು ಬೆಳಕು ತೂರದಷ್ಟು ಕಪ್ಪಾಗಿರಬಹುದು, ಹಾಗಿಲ್ಲದಿದ್ದರೆ ತಿಳಿಯಾಗಿರಬೇಕು. ಈ ಕೊನೆಯ ನಿಯಮ ಸೂತ್ರಶೈಲಿಯ ಪರಾಕಾಷ್ಠೆ. ಕಾವ್ಯಕ್ಕೆ ಮಾಧುರ್ಯ, ಓಜಸ್ಸು, ಪ್ರಸಾದ ಎಂಬ ಮೂರು ಗುಣಗಳನ್ನು ಹೇಳಿದ ಆಲಂಕಾರಿಕರು ಪ್ರಸಾದವೆಂದರೆ ತಿಳಿನೀರಿನಂತೆ ಅರ್ಥ ಕಾಣುವುದು ಎಂದರಷ್ಟೆ, ಕಾಣದಿದ್ದರೂ ಇರಬಹುದು ಎಂಬ ರಿಯಾಯಿತಿ ಕೊಡಲಿಲ್ಲ. ಕೊಟ್ಟಿದ್ದರೆ ಎಷ್ಟೋ ಕವಿಗಳು ಬದುಕಿಕೊಳ್ಳುತ್ತಿದ್ದರು.

ಪರೀಕ್ಷಾಕ್ರಮ ಹೀಗಿದೆ. ಬೀರನ್ನು ಮೈ ಕೊರೆಯುವಷ್ಟು ತಣ್ಣಗಿಡದೆ 10ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುರಿಯಬೇಕು. ಹಾರಿಹೋಗುವ ಪರಿಮಳಗಳು ಕಾಯುವುದಿಲ್ಲವಾದ್ದರಿಂದ ನೋಡುವುದಕ್ಕೂ ಮೊದಲು ಮೂಸಬೇಕು. ತೀರ್ಪುಗಾರನು ಸೆಂಟು ಹಚ್ಚಿರಕೂಡದು. ಬರೆಯಲು ಮರದ ಪೆನ್ಸಿಲನ್ನೂ ಬಳಸದಿರುವುದು ಉತ್ತಮ, ಏಕೆಂದರೆ ಕೆತ್ತಿದ ಮರದ ವಾಸನೆ ಬೀರಿನ ಲೆಕ್ಕಕ್ಕೆ ಸೇರಿಬಿಡಬಹುದು. ಮೂಗಿಗೆ ಸಿಕ್ಕಿದ್ದನ್ನು ಹೆಸರಿಸಲು 1970ರ ದಶಕದಲ್ಲಿ ಮಾರ್ಟೆನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಸಿದ್ಧವಾದ ರುಚಿಚಕ್ರವಿದೆ. ನೂರಕ್ಕೂ ಹೆಚ್ಚು ಪದಗಳನ್ನು ಬಂಡಿಗಾಲಿಯ ಅರಗಳಂತೆ ಜೋಡಿಸಿರುವ ಅದರಲ್ಲಿ ಒದ್ದೆ ಕಾಗದ, ಆಡಿನ ಗಬ್ಬು, ಬೆಕ್ಕಿನ ವಾಸನೆ ಇವೆಲ್ಲಕ್ಕೂ ಸ್ಥಾನವಿದೆ. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಸ್ಟೌಟ್ ಸಿಗತೊಡಗಿದ ಮೇಲೆ ಕನ್ನಡದ ನಾಲಿಗೆಗೂ ಈ ಸಮಸ್ಯೆ ಎದುರಾಗಿದೆಯಾದರೂ ಅದಕ್ಕೆ ಚಕ್ರದ ಅಗತ್ಯ ಅಷ್ಟಾಗಿಲ್ಲ. ಚಿಕೋರಿ ಹೆಚ್ಚಾದ ಡಿಕಾಕ್ಷನ್, ಎಳೆಪಾಕಕ್ಕೆ ಬಂದ ಬೆಲ್ಲ, ಉತ್ತುತ್ತೆ, ಹುರಿಹಿಟ್ಟು ಎಂದರೆ ಗುಣಗಳು ಬಹುಮಟ್ಟಿಗೆ ಮುಗಿದವು. ತಳ ಹತ್ತಿದ ಪಾಯಸ, ನೆನೆದ ರಟ್ಟು, ಬೇಯಿಸಿದ ಮೆಕ್ಕೆಜೋಳ ಎಂದರೆ ದೋಷಗಳೂ ಮುಗಿದವು.

ಇನ್ನು ಮುಖ್ಯ ಪ್ರಶ್ನೆ: ಓಟ್ಸ್ ರುಚಿ ತಿಳಿಯುತ್ತದೆಯೇ? ಪೂರ್ವಪಕ್ಷದವರು ತಿಳಿಯುತ್ತದೆಂದು ಹೇಳಿ, ‘ಓಟ್ಸಿನ ಮೃದುವಾದ ಬೀಜದ ಪರಿಮಳ ಸ್ಪಷ್ಟ’ ಎಂದು ಬರೆದಿರುವ ಅಂಕಪಟ್ಟಿಗಳನ್ನು ಪ್ರಮಾಣವಾಗಿ ಮುಂದಿಡುತ್ತಾರೆ. ಸ್ಪರ್ಧೆಯಲ್ಲಿ ತಯಾರಕನ ಹೆಸರನ್ನು ಮುಚ್ಚಿಡುತ್ತಾರೆಯೇ ಹೊರತು ಬೀರಿನ ಪ್ರಕಾರವನ್ನು ಮುಚ್ಚಿಡುವುದಿಲ್ಲ, ಆದಕಾರಣ ತೀರ್ಪುಗಾರನಿಗೆ ಓಟ್ಸಿನ ಅರಿವು ಮೂಗಿಗಿಂತ ಮೊದಲು ಕಣ್ಣಿನಿಂದ ಆಗಿರುತ್ತದೆ ಎಂಬುದು ಇದಕ್ಕೆ ಉತ್ತರ. ಸಾಮಾನ್ಯವಾಗಿ ಶೇಕಡಾ 5ರಿಂದ 20ರಷ್ಟು ಹಾಕುವ ಓಟ್ಸ್, ಹುರಿದ ಧಾನ್ಯದ ಗದ್ದಲದ ನಡುವೆ ರುಚಿಯಾಗಿ ತೋರುವುದು ಅತ್ಯಲ್ಪ. ಅದರ ನಿಜವಾದ ಕೆಲಸ ಬೇರೆ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ಲೋಳೆಯಂಥ ನಾರು, ಬೆಂಡೆಕಾಯಿ ಗೊಜ್ಜಿಗೆ ಬರುವ ಜಾರುಗುಣದ ದೂರದ ಬಂಧುವಾಗಿ, ನಾಲಿಗೆಯ ಮೇಲೆ ಬೀರನ್ನು ರೇಷ್ಮೆಯಂತೆ ಹರಡುತ್ತದೆ. ಹೆಚ್ಚಾದರೆ ಅದೇ ಲೋಳೆ ಬ್ರೂವರಿಯ ಸೋಸುಪಾತ್ರೆಯನ್ನು ಕಟ್ಟಿಹಾಕಿ ಇಡೀ ದಿನದ ಕೆಲಸವನ್ನು ಕೆಡಿಸುತ್ತದೆ. ಎಂದರೆ ಓಟ್ಸ್ ಇರುವುದು ರುಚಿಗಲ್ಲ, ಸ್ಪರ್ಶಕ್ಕೆ. ಒಟ್ಟು 50 ಅಂಕಗಳ ಪಟ್ಟಿಯಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಒಟ್ಟಾರೆ ಪರಿಣಾಮಕ್ಕೆ 10, ಬಾಯಿಯೊಳಗಿನ ಸ್ಪರ್ಶಕ್ಕೆ 5. ಯಾವ ಧಾನ್ಯದ ಹೆಸರಿನಲ್ಲಿ ಬೀರು ಸ್ಪರ್ಧೆಗೆ ನಿಂತಿದೆಯೋ ಆ ಧಾನ್ಯದ ಸಾಧನೆಗೆ ನೇರವಾಗಿ ಸಲ್ಲುವುದು ಹತ್ತನೆಯ ಒಂದು ಪಾಲು. ಮದುವೆಯ ಊಟದಲ್ಲಿ ಮದುಮಗನಿಗೆ ಕೊನೆಯ ಪಂಕ್ತಿ ಎಂದಂತೆ.

ಕಸುವು ಹೆಚ್ಚಾದ ಕ್ರಾಫ್ಟ್ ಬೀರುಗಳಲ್ಲಿ, ಎಂದರೆ ಸಣ್ಣ ಬ್ರೂವರಿಗಳು ತಮ್ಮ ಹಟಕ್ಕೂ ಹೆಮ್ಮೆಗೂ ಮಾಡುವ ಬೀರುಗಳಲ್ಲಿ, ಉಳಿದ ಅವ್ಯಾಪ್ತಿ ದೋಷವೂ ಪೂರ್ಣವಾಗುತ್ತದೆ. ಮಿಶಿಗನ್ನಿನ ಫೌಂಡರ್ಸ್ ಬ್ರೂವರಿಯ ಬ್ರೇಕ್‌ಫಾಸ್ಟ್ ಸ್ಟೌಟಿನಲ್ಲಿ ಓಟ್ಸ್ ಇದೆ, ಚಾಕೊಲೇಟ್ ಇದೆ, ಕಾಫಿ ಇದೆ, ಚೀಟಿಯ ಮೇಲೆ ಬಟ್ಟಲಿನಿಂದ ಗಂಜಿ ತಿನ್ನುವ ಮಗುವೂ ಇದೆ. ಮದ್ಯಸಾರ ಮಾತ್ರ ಶೇಕಡಾ 8.3, ಎಂದರೆ ಲಕ್ಷಣದ 5.9ರ ಮಿತಿಯಿಂದ ಆಚೆ. ಡೆನ್ಮಾರ್ಕಿನ ಮಿಕೆಲರ್ ಕಂಪನಿ ಶೇಕಡಾ 10.9ಕ್ಕೆ ಏರಿ, ಪುನುಗು ಬೆಕ್ಕಿನ ಹೊಟ್ಟೆಯಿಂದ ಹಾದುಬಂದ ವಿಯೆಟ್ನಾಂ ಕಾಫಿಬೀಜವನ್ನು ಓಟ್ಸಿನ ಸ್ಟೌಟಿಗೆ ಸೇರಿಸಿತು. ಅಂಥ ಕಾಫಿ ಕೊಡಗಿನಲ್ಲೂ ತಯಾರಾಗುತ್ತದೆಂಬುದು ಇಲ್ಲಿ ಅಪ್ರಸ್ತುತವಾದರೂ, ರುಚಿಚಕ್ರದಲ್ಲಿ ದೋಷವೆನಿಸಿದ ಬೆಕ್ಕು ಬೆಲೆಪಟ್ಟಿಯಲ್ಲಿ ಗುಣವಾಗಬಲ್ಲದೆಂಬುದು ಪ್ರಸ್ತುತ. ಇಂಥ ಬೀರಿನ ಮೊದಲ ಗುಟುಕಿನಲ್ಲಿ ಕಾಫಿಯ ಕಹಿ, ಎರಡನೆಯದರಲ್ಲಿ ಬೆಲ್ಲದ ಪಾಕ, ಮೂರನೆಯದರಲ್ಲಿ ಎದೆಗೆ ಇಳಿಯುವ ಬಿಸಿ ತೋರಿಬರುತ್ತವೆ. ಓಟ್ಸಿನ ಜಾರುವಿಕೆ ಆ ಬಿಸಿಯ ಮೊನೆಯನ್ನು ಮರೆಮಾಚುವುದರಿಂದ ಕುಡಿಯುವವನಿಗೆ ಕಸುವು ತಡವಾಗಿ ತಿಳಿಯುತ್ತದೆ. ನಾಟ್ಯಶಾಸ್ತ್ರದ ಕರ್ತೃ ಭರತನು ರಸವನ್ನು ವಿವರಿಸುವಾಗ ವ್ಯಂಜನಗಳಿಂದ ಕೂಡಿದ ಅನ್ನವನ್ನು ಸುಮನಸ್ಕರು ಸವಿಯುವ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಸವಿದವರು ಎದ್ದು ನಿಲ್ಲಬಲ್ಲರೇ ಎಂಬ ಪ್ರಶ್ನೆ ಅನ್ನದ ವಿಷಯದಲ್ಲಿ ಅವನಿಗೆ ಎದುರಾಗಲಿಲ್ಲ.

ಲಕ್ಷಣದಂತೆ ತೀರ್ಪು ಹೇಳುವುದಾದರೆ, ಈ ಜಾತಿಯ ಬೀರು ಓಟ್‌ಮೀಲ್ ಸ್ಟೌಟ್ ವಿಭಾಗದಲ್ಲಿ ಸೋಲಬೇಕು. ಕಾಫಿ ಹಾಕಿದ್ದಕ್ಕೆ ಒಂದು ವಿಭಾಗಕ್ಕೂ ಕಸುವಿಗಾಗಿ ಮತ್ತೊಂದಕ್ಕೂ ಅಲೆಯಬೇಕು. ಆದ್ದರಿಂದ ಪ್ರಸ್ತುತ ಪ್ರಬಂಧವು ಅದಕ್ಕೆ ಸ್ಪರ್ಶದ ಕಲಮಿನಲ್ಲಿ ಐದಕ್ಕೆ ಐದು ಕೊಟ್ಟು ಉಳಿದ ಕಲಮುಗಳನ್ನು ಖಾಲಿ ಬಿಡುತ್ತದೆ. ಸ್ಪರ್ಧೆ ಮುಗಿದ ಮೇಲೆ ಮಿಕ್ಕ ಬಾಟಲಿಗಳು, ಬೆಳಿಗ್ಗೆಯಿಂದ ಲೋಟ ತೊಳೆದು, ಬೀರು ಸುರಿದು, ಹಾಳೆ ಹಂಚಿದ ಸಹಾಯಕರ ಪಾಲಿಗೆ ಬರುತ್ತವೆ. ಅವರಿಗೆ ಅಂಕಪಟ್ಟಿ ಕೊಡುವ ಪದ್ಧತಿ ಇಲ್ಲ.