ತೆರೆ ಮುಂದೆ ತಟ್ಟೆ

“ಅಲ್ಲಾ ರಾಯರೇ, ಮಲ್ಕೊಂಡು ಊಟ ಮಾಡಬಾರದು ಅಂತ ನಮ್ಮಜ್ಜಿ ಬಡ್ಕೊಳ್ತಿದ್ರು. ಈಗ ಮಲಗಿಸಿ ಊಟ ಹಾಕೋದಕ್ಕೇ ದುಡ್ಡು ಕೀಳೋ ಜಾಗಗಳು ಬಂದಿವೆ ನೋಡಿ.”

“ಯಾವ ಆಸ್ಪತ್ರೆರೀ?” ಅಂದರು ರಾಯರು, ದಾಸವಾಳಕ್ಕೆ ಬಿಡ್ತಿದ್ದ ಪೈಪನ್ನ ನೆಲಕ್ಕೆ ಹಾಕಿ ಕಾಂಪೌಂಡಿಗೆ ಮೊಣಕೈ ಊರುತ್ತಾ.

ಆಸ್ಪತ್ರೆ ಅಲ್ಲ, ಸಿನಿಮಾ ಥಿಯೇಟ್ರು. ಸೊಸೆ ಟಿಕೆಟ್ ಮಾಡಿಸಿದ್ಲು, ಹೋಗಿದ್ವಿ. ಒಂದು ಗುಂಡಿ ಒತ್ತಿದ್ರೆ ಕಾಲು ಮೇಲಕ್ಕೆ, ಇನ್ನೊಂದು ಒತ್ತಿದ್ರೆ ಬೆನ್ನು ಹಿಂದಕ್ಕೆ. ಪಕ್ಕದಲ್ಲಿ ಪುಟ್ಟ ಟೇಬಲ್ಲು, ಮೆನು ಓದೋಕೆ ಒಂದು ಮಿಣುಕು ದೀಪ. ಬೆಲ್ ಒತ್ತಿದ್ರೆ ಹುಡುಗ ಬರ್ತಾನೆ. ಪಾಪ, ಹಿಂದಿನೋರಿಗೆ ಅಡ್ಡ ಆಗಬಾರದು ಅಂತ, ಹಳೇ ಮನೆಯ ಗಿಡ್ಡ ಬಾಗಿಲು ದಾಟೋನ ಹಾಗೆ ನಡು ಬಗ್ಗಿಸಿಕೊಂಡೇ ಓಡಾಡ್ತಾನೆ. ತೆರೆ ಮೇಲೆ ತಾಯಿ ಕೊನೆಯುಸಿರು ಎಳೀತಿದ್ದಾಳೆ, ಮಗ ಗೋಳಾಡ್ತಿದ್ದಾನೆ, ಇವನು ನನ್ನ ಕಿವಿ ಹತ್ರ ಬಂದು “ಸಾರ್, ಪನ್ನೀರ್ ಟಿಕ್ಕಾ ನಿಮ್ದಾ?” ಅಂತಾನೆ. ನಾನು “ಹೂಂ” ಅಂದೆ. ಹಿಂದಿನ ಸಾಲಿಂದ ಯಾರೋ “ಶ್!” ಅಂದರು, ನನಗೆ!

“ತಿನ್ನೋದಾದರೂ ಕಾಣಿಸ್ತೋ?”

“ಎಲ್ಲಿ ಕಾಣಿಸ್ಬೇಕು! ತೆರೆ ಮೇಲೆ ಹಗಲಾದ್ರೆ ತಟ್ಟೆ ಕಾಣುತ್ತೆ, ರಾತ್ರಿಯಾದ್ರೆ ಮಾಯ. ಹೀರೋ ಸಾಸಿವೆ ಹೊಲದಲ್ಲಿ ಕುಣೀವಾಗ ಚಟ್ನಿ ಎಲ್ಲಿದೆ ಅಂತ ನೋಡಿಟ್ಕೊಂಡೆ. ಅಷ್ಟರಲ್ಲಿ ಕಥೆ ಗೋಡೌನಿಗೆ ಹೋಯ್ತು, ಅಲ್ಲಿ ಫೈಟು, ಎಲ್ಲಾ ಗವ್ವೆನ್ನೋ ಕತ್ತಲು. ಬೆರಳಿಗೆ ಸಿಕ್ಕಿದ್ದು ಪನ್ನೀರೋ ಈರುಳ್ಳಿಯೋ, ಬಾಯಿಗೆ ಹೋದ ಮೇಲೇ ಗೊತ್ತಾಗಬೇಕು.”

ನಮ್ಮದು ಕಣ್ಣಿಟ್ಟು ಉಣ್ಣೋ ಊಟ. ಎಲೆ ತುದಿಗೆ ಉಪ್ಪು ಬಿತ್ತಾ, ಕೋಸಂಬರಿ ಬಂತಾ, ಪಲ್ಯ ಯಾವುದು, ಪಾಯಸ ಎಷ್ಟು ದೂರದಲ್ಲಿದೆ, ಎಲ್ಲಾ ನೋಡ್ಕೊಂಡೇ ಕೈ ಹಾಕೋ ಜಾತಿ ನಾವು.

“ಕೈ ತೊಳೆಯೋದಕ್ಕೆ?”

“ಒದ್ದೆ ಟಿಶ್ಯೂ. ಈ ಕೈ ಒರೆಸೋ ಮಾತು ಸುಪ್ರೀಂ ಕೋರ್ಟಲ್ಲೇ ಬಂದಿತ್ತು, ಗೊತ್ತಾ? 2023ರ ಜನವರಿ. ಹೊರಗಿನ ತಿಂಡಿ ಒಳಗೆ ಬಿಡದೇ ಇರೋ ಹಕ್ಕು ಥಿಯೇಟರಿನೋರಿಗೆ ಇದೆ, ಕುಡಿಯೋ ನೀರು ಮಾತ್ರ ಪುಕ್ಕಟೆ ಕೊಡಬೇಕು ಅಂತ ಹೇಳಿದ್ದು. ಆವತ್ತು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು, ಯಾರಾದ್ರೂ ಜಿಲೇಬಿ ತಿಂದು ಸೀಟಿಗೆ ಬೆರಳು ಒರೆಸಿದ್ರೆ ತೊಳೆಸೋ ಖರ್ಚು ಯಾರದು ಅಂತ ಕೇಳಿದ್ರು.”

“ಈಗ ಥಿಯೇಟರಿನೋರೇ ಜಿಲೇಬಿ ಕೊಡ್ತಿದ್ದಾರಲ್ಲ!”

“ಜಿಲೇಬಿ ಇಲ್ಲ ರಾಯರೇ, ಬ್ರೌನಿ. ಅದೂ ಅಂಟುತ್ತೆ.”

ಅಮೆರಿಕದ ಆಸ್ಟಿನ್ನಲ್ಲಿರೋ ನಮ್ಮಕ್ಕನ ಮಗನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದ್ರೆ ಬಿದ್ದು ಬಿದ್ದು ನಕ್ಕ. ಅವರೂರು ಇದಕ್ಕೆ ಹೆಸರುವಾಸಿಯಂತೆ. ಅಲಾಮೊ ಡ್ರಾಫ್ಟ್‌ಹೌಸ್ ಅಂತ, 1997ರಲ್ಲಿ ಗಂಡ ಹೆಂಡತಿ ಸೇರಿ ಒಂದೇ ಪರದೆ ಇಟ್ಟು ಶುರು ಮಾಡಿದ್ದು. ಬೆಳೆದೂ ಬೆಳೆದೂ 2024ರಲ್ಲಿ ಸೋನಿ ಕಂಪನಿಯೋರೇ ಕೊಂಡ್ಕೊಂಡ್ರು. ಅಲ್ಲಿ ಸಿನಿಮಾ ನಡೀವಾಗ ಮಾತಾಡಿದ್ರೆ ಒಂದು ಸಲ ಹೇಳ್ತಾರೆ. ಮತ್ತೆ ಬಾಯಿ ಬಿಟ್ರೆ ಎಬ್ಬಿಸಿ ಕಳಿಸ್ತಾರೆ, ದುಡ್ಡೂ ವಾಪಸ್ಸಿಲ್ಲ. ಅದಕ್ಕೇ ಬೇಕಾದ್ದನ್ನ ಚೀಟೀಲಿ ಬರೆದು ಮುಂದೆ ನಿಲ್ಲಿಸೋ ಪದ್ಧತಿ ಬೆಳೆದಿತ್ತು.

“ನಮ್ಮೋರನ್ನ ಅಲ್ಲಿ ಬಿಟ್ರೆ ಟೈಟಲ್ ಕಾರ್ಡಿಗೇ ಥಿಯೇಟ್ರು ಖಾಲಿ,” ಅಂದರು ರಾಯರು.

ಅಮೆರಿಕದೋರಿಗೆ ಆ ಏರ್ಪಾಟು ಬೇಕು ಬಿಡಿ. ಅಲ್ಲಿ ಇಂಟರ್ವಲ್ ಇಲ್ಲ. ಹಸಿದೋನಿಗೆ ಕೂತಲ್ಲೇ ತಂದುಕೊಡಬೇಕು. ನಮ್ಮಲ್ಲಿ ಚಿತ್ರಕಥೆ ಬರೆಯೋನೇ ಇಂಟರ್ವಲ್ಲಿಗೆ ಅಂತ ಜಾಗ ಬಿಟ್ಟು ಬರೀತಾನೆ. ಹೀರೋ ಬಂಡೆ ಮೇಲಿಂದ ಬೀಳ್ತಾನೆ, ಫಕ್ಕಂತ ದೀಪ ಹತ್ತುತ್ತೆ, ಜನ ದಡಬಡ ಎದ್ದು ಹೊರಗೆ ಬರ್ತಾರೆ. ಟೆಂಟ್ ಕಾಲದಲ್ಲಿ ಹುರಿದ ಕಡ್ಲೆಕಾಯಿ, ಚಕ್ಕುಲಿ, ಗೋಲಿ ಸೋಡಾ. ಕೆಂಪೇಗೌಡ ರಸ್ತೆ ಥಿಯೇಟರುಗಳಿಗೆ ಬರೋ ಹೊತ್ತಿಗೆ ಸಮೋಸ, ಪಫ್ಫು. ಒಂದು ಕೈಲಿ ಸುಡೋ ಸಮೋಸ ಹಿಡ್ಕೊಂಡು, ಗುರುತು ಪರಿಚಯ ಇಲ್ಲದೋನ ಜೊತೆ “ಹೀರೋ ಸಾಯಲ್ಲ ಸಾರ್, ನೋಡ್ತಿರಿ” ಅಂತ ಪಂಥ ಕಟ್ಟೋದು. ಸಿನಿಮಾದ ಅರ್ಧ ರುಚಿ ಅಲ್ಲೇ ಇರ್ತಿತ್ತು.

ಇಲ್ಲಿ ಇಂಟರ್ವಲ್ ಬಿಟ್ಟರೂ ಒಬ್ಬರೂ ಏಳಲಿಲ್ಲ. ತಟ್ಟೆ ಎತ್ಕೊಂಡು ಹೋಗಾಗಿತ್ತು, ಆಗ ದೀಪ ಹಾಕಿದ್ರು!

“ಟಿಕೆಟ್ಟು 200 ರೂಪಾಯಿ ಮೀರಬಾರದು ಅಂತ ಸರ್ಕಾರ ಮಾಡಿತ್ತಲ್ರೀ?”

“ಮಾಡಿತ್ತು, 2025ರ ಸೆಪ್ಟೆಂಬರಿನಲ್ಲಿ. ಆದ್ರೆ 75 ಸೀಟಿನೊಳಗಿನ ಪ್ರೀಮಿಯಂ ಪರದೆಗಳಿಗೆ ಅದರಲ್ಲೇ ವಿನಾಯಿತಿ. ಮಲಗಿ ತಿನ್ನೋರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೂತು ನೋಡೋರ ಲೆಕ್ಕಕ್ಕೂ ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಆ ಕೇಸು ನವೆಂಬರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ನೀರಿಗೆ 100, ಕಾಫಿಗೆ 700 ತಗೋತೀರಲ್ಲ ಅಂತ ಜಡ್ಜೇ ಕೇಳಿದ್ರು.”

“ಏಳ್ನೂರು! ನಮ್ಮನೇಲಿ ತಿಂಗಳ ಕಾಫಿಪುಡಿ ಬರುತ್ತಲ್ರೀ.” ರಾಯರು ಪೈಪು ಎತ್ಕೊಂಡವರು ಮತ್ತೆ ಕೆಳಗಿಟ್ಟು ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದರು. “ದಿಂಬು, ಕಂಬಳಿನೂ ಕೊಡ್ತಾರಂತಲ್ಲ?”

“ಕೊಡ್ತಾರೆ.”

“ಏಸೀನೂ ಇರುತ್ತೆ. ಮನೇಲೇ ಸಾರನ್ನ ಹೊಡೆದು ಮಧ್ಯಾಹ್ನದ ಆಟಕ್ಕೆ ಹೋಗಿಬಿಟ್ರೆ, ನಿದ್ದೆ ಎಷ್ಟು ಸೊಗಸಾಗಿ ಬರಬಹುದು ಅಂತೀನಿ!”

“ಬರುತ್ತೆ ರಾಯರೇ. ಹುಡುಗ ಬಗ್ಗಿಕೊಂಡು ಬಂದು ಎಬ್ಬಿಸ್ತಾನೆ, ‘ಸಾರ್, ಆರ್ಡರ್?’ ಅಂತ.”