‘ಬರ್ಲಿ, ಬರ್ಲಿ’ ಎನ್ನಲಾರದ ಕಣ್ಣು: ಟ್ರೇಲರ್ ಕ್ಯಾಮೆರಾದ ಸಂದರ್ಶನ

ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ 1997ರಲ್ಲಿ ಹುಟ್ಟಿ, 1999ರ ಕೊನೆಗೆ ಬಿಡದಿಯಲ್ಲಿನ ಅದರ ಕಾರ್ಖಾನೆಯಿಂದ ಕ್ವಾಲಿಸ್ ವಾಹನಗಳು ಹೊರಬರತೊಡಗಿದಂದಿನಿಂದ, ಅಲ್ಲಿಯವರೆಗೆ ತಟ್ಟೆ ಇಡ್ಲಿಗೆ ಹೆಸರಾಗಿದ್ದ ಆ ಊರು ಟ್ರೇಲರುಗಳ ಊರೂ ಆಗಿದೆ. ಟ್ರೇಲರ್ ಎಂದರೆ ಸ್ವಂತ ಎಂಜಿನ್ ಇಲ್ಲದ, ಸಾರಿಗೆಯವರು ‘ಹಾರ್ಸ್’ ಎಂದು ಕರೆಯುವ ಮುಂದಿನ ಎಳೆವಾಹನಕ್ಕೆ ಕೂಡಿಕೊಂಡು ಸಾಗುವ ಉದ್ದದ ಗಾಡಿ. ಹೊರದೇಶಗಳಲ್ಲಿ ಪ್ರವಾಸಿಗರು ಇಂಥ ಗಾಡಿಯ ಮೇಲೆ ಮನೆ ಕಟ್ಟಿಕೊಂಡು ಅದನ್ನು ತಮ್ಮ ವಾಹನದ ಹಿಂದೆ ಎಳೆದೊಯ್ಯುವುದುಂಟು. ಬಿಡದಿಯಲ್ಲಿ ಕಾರುಗಳೇ ಗಾಡಿಯೇರಿ ಪ್ರವಾಸ ಹೊರಡುತ್ತವೆ. ಅಂಥದೊಂದು ಗಾಡಿಯ ಬೆನ್ನಿನಲ್ಲಿ, ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿಗಿಂತ ತುಸು ಮೇಲೆ ನೆಲೆಗೊಂಡ ನಿಸ್ತಂತು ಕ್ಯಾಮೆರಾವನ್ನು, ಗಾಡಿಯು ಲೋಡಿಗಾಗಿ ಸರದಿಯಲ್ಲಿ ನಿಂತಿದ್ದಾಗ ಸಂದರ್ಶಿಸಲಾಯಿತು.

ಪ್ರಶ್ನೆ: ತಮ್ಮ ವಂಶದ ಹಿನ್ನೆಲೆಯನ್ನು ತಿಳಿಸಬಹುದೇ?

ಕ್ಯಾಮೆರಾ: 1956ರಲ್ಲಿ ಅಮೆರಿಕದ ಬ್ಯೂಯಿಕ್ ಕಂಪನಿಯು ಪ್ರದರ್ಶನಕ್ಕೆಂದು ಕಟ್ಟಿದ ಒಂದು ಕಾರಿನ ಹಿಂಬದಿಯಲ್ಲಿ ಟಿ.ವಿ. ಕ್ಯಾಮೆರಾ ಇತ್ತು, 1991ರಲ್ಲಿ ಜಪಾನಿನಲ್ಲಿ ಟೊಯೋಟಾದ ಸೋರರ್ ಕಾರು ಅದನ್ನು ಮಾರಾಟದ ವಾಹನಕ್ಕೆ ತಂದಿತು. ಆದ್ದರಿಂದ ಬಿಡದಿಯಲ್ಲಿ ಈ ಕ್ಯಾಮೆರಾವನ್ನು ಹೊರಗಿನದೆಂದು ಯಾರೂ ತಿಳಿಯಬಾರದು. ಅಮೆರಿಕದಲ್ಲಿ 2018ರ ಮೇ 1ರಿಂದ 4,536 ಕಿಲೋ ತೂಕದವರೆಗಿನ ಹೊಸ ವಾಹನಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು, ಟ್ರೇಲರುಗಳನ್ನು ಬಿಟ್ಟು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿ ಸಂವೇದಕ, ಅಂದರೆ ಅಡ್ಡವಿರುವ ವಸ್ತುವನ್ನು ಗ್ರಹಿಸಿ ಕುಂಯ್‌ಗುಟ್ಟುವ ಸಾಧನ, ಕಡ್ಡಾಯವಾಯಿತು. ಅತ್ಯಂತ ಉದ್ದದ ಬೆನ್ನುಳ್ಳ ವಾಹನಕ್ಕೇ ಹಿಂಗಣ್ಣು ಬೇಡವೆಂಬ ತೀರ್ಮಾನದ ಹಿಂದೆ, ಗೋಡೆಗೆ ತಾಗಿದರೆ ಗೋಡೆಯೇ ಹೇಳುತ್ತದೆಂಬ ನಂಬಿಕೆ ಇದ್ದೀತು.

ಪ್ರಶ್ನೆ: ನಿಸ್ತಂತು ಎನ್ನುತ್ತೀರಿ, ಬೆನ್ನಿನಿಂದ ಎರಡು ತಂತಿಗಳು ಇಳಿದಿವೆಯಲ್ಲ?

ಕ್ಯಾಮೆರಾ: ಚಿತ್ರ ಮಾತ್ರ ನಿಸ್ತಂತು, ಊಟವಲ್ಲ. ಚಿತ್ರವು 2.4 ಗಿಗಾಹರ್ಟ್ಸ್ ತರಂಗದಲ್ಲಿ, ಅಂದರೆ ಮನೆಗಳ ವೈಫೈ ಬಳಸುವ ಬಾನುಲಿ ಪಟ್ಟಿಯಲ್ಲೇ, ಚಾಲಕನ ಪರದೆಗೆ ತಲುಪುತ್ತದೆ. ವಿದ್ಯುತ್ತನ್ನು ಟ್ರೇಲರಿನ ದೀಪಗಳ ತಂತಿಯಿಂದಲೇ ಪಡೆಯಬೇಕು. ರಿವರ್ಸ್ ದೀಪದ ತಂತಿ ಎಂದೋ ಹರಿದಿದ್ದರಿಂದ ಎಲೆಕ್ಟ್ರಿಷಿಯನ್ ಹಿಂದೀಪದ ತಂತಿಗೆ ಜೋಡಿಸಿದರು. ಹೀಗಾಗಿ ಹಾಡಹಗಲಲ್ಲಿ ಹಿಂದೆ ನೋಡಬೇಕಾದರೂ ದೀಪ ಹಚ್ಚಬೇಕು, ಹಚ್ಚಿದೊಡನೆ ದಾರಿಹೋಕರೆಲ್ಲ ‘ಲೈಟು ಆನ್ ಇದೆ’ ಎಂದು ಕೈಯಾಡಿಸಬೇಕು. ಗಾಡಿಯ ಮೈಯೆಲ್ಲ ತಗಡಾದ್ದರಿಂದ ತರಂಗವು ಅದನ್ನು ದಾಟಲು ತಿಣುಕುತ್ತದೆ. ಆಂಟೆನಾವನ್ನು ತಗಡಿನ ಒಳಗಿಟ್ಟ ಕಡೆಯೆಲ್ಲ ಪರದೆಯಲ್ಲಿ ಚಿತ್ರ ತಡವರಿಸುತ್ತದೆ.

ಪ್ರಶ್ನೆ: ಅಳವಡಿಕೆಯಲ್ಲಿ ಬೇರೆ ತೊಡಕು?

ಕ್ಯಾಮೆರಾ: ಹಿಂದಕ್ಕೆ ಮುಖಮಾಡಿದ ಕ್ಯಾಮೆರಾಗೆ ಗಾಡಿಯ ಬಲಬದಿಯು ಎಡಕ್ಕೆ ಕಾಣುವುದರಿಂದ, ಪರದೆಯಲ್ಲಿ ಎಡಬಲಗಳನ್ನು ಅದಲುಬದಲು ಮಾಡುವ ಕನ್ನಡಿ ಹೊಂದಿಕೆಯೊಂದಿದೆ. ಅದನ್ನು ಹಾಕುವುದು ಮರೆತುಹೋಗಿತ್ತು. ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಬಾಲವು ಬಲಕ್ಕೆ ಹೋಗುತ್ತದೆ. ಈ ವಿದ್ಯೆ ಗೊತ್ತಿದ್ದ ಹಿರಿಯ ಚಾಲಕರು ಎಡಬಲ ಅದಲುಬದಲಾದ ಚಿತ್ರವನ್ನು ನಂಬಿ ಕಂಬಕ್ಕೆ ತಾಗಿಸಿದರು. ವಿದ್ಯೆ ಗೊತ್ತಿಲ್ಲದ ಹೊಸಬನೊಬ್ಬ, ಪರದೆಯಲ್ಲಿ ಎತ್ತ ಹೋಗಬೇಕೋ ಅತ್ತಲೇ ಸ್ಟೇರಿಂಗ್ ತಿರುಗಿಸಿದ್ದರಿಂದ, ಎರಡು ತಪ್ಪುಗಳು ಒಂದನ್ನೊಂದು ತಿಂದುಹಾಕಿ, ಗಾಡಿ ನೆಟ್ಟಗೆ ನಿಂತಿತು. ಮಾಲೀಕರು ಅವನ ಅನುಭವವನ್ನು ಹೊಗಳಿದರು.

ಪ್ರಶ್ನೆ: ತಾವು ಬಂದದ್ದರಿಂದ ಕ್ಲೀನರ್ ಕೆಲಸ ಕಳೆದುಕೊಂಡನೆಂಬ ಆರೋಪವಿದೆ.

ಕ್ಯಾಮೆರಾ: ಆರೋಪ ಸರಿ, ಆದರೆ ಹೋಲಿಕೆ ಸರಿಯಲ್ಲ. ಕ್ಲೀನರ್ ಎಂಬ ಸಹಾಯಕನು ಹಿಂದೆ ನಿಂತು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುತ್ತಿದ್ದನೆಂಬುದು ಮಾಲೀಕರಿಗೆ ಕೇಳಿಸಿದ್ದಷ್ಟೇ. ಅವನು ಗೇಟಿನವನೊಡನೆ ಚಹಾ ಕುಡಿದು ಲೋಡು ತುಂಬುವ ಯಾವ ಬೇ ಖಾಲಿಯೆಂದು ತಿಳಿಯುತ್ತಿದ್ದನು, ಹಗ್ಗ ಬಿಗಿಯುತ್ತಿದ್ದನು, ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದನು, ಹಿಂದೆ ಬರುವ ಸೈಕಲ್ಲಿನವನನ್ನು ಬೈದು ತಡೆಯುತ್ತಿದ್ದನು. ಈ ಕ್ಯಾಮೆರಾ ಸೈಕಲ್ಲಿನವನನ್ನು ಸ್ಪಷ್ಟವಾಗಿ, ಬಣ್ಣದಲ್ಲಿ, ರಾತ್ರಿಯಾದರೆ ಅವಗೆಂಪು ಬೆಳಕಿನಲ್ಲಿ ತೋರಿಸುತ್ತದೆ, ಬೈಯುವುದಿಲ್ಲ. ಇನ್ನೊಂದು ಮಾತು: ಕ್ಲೀನರನ ಸೀಟೇ ಚಾಲಕರ ಶಾಲೆಯಾಗಿತ್ತು. ಆ ಶಾಲೆಯನ್ನು ಸಂಬಳ ಉಳಿಸಲು ಮುಚ್ಚಿದ ಮಾಲೀಕರೇ ಈಗ ಒಳ್ಳೆಯ ಚಾಲಕರು ಸಿಗುತ್ತಿಲ್ಲವೆಂದು ದೂರುತ್ತಿದ್ದಾರೆ, ಅದಕ್ಕೆ ಪರಿಹಾರವಾಗಿ ಇನ್ನೂ ಎರಡು ಕ್ಯಾಮೆರಾಗಳಿಗೆ ದರಪಟ್ಟಿ ತರಿಸಿದ್ದಾರೆ.

ಪ್ರಶ್ನೆ: ತಾವು ತೋರಿಸಿದ್ದನ್ನೇ ಚಾಲಕರು ನಂಬಬಹುದೇ?

ಕ್ಯಾಮೆರಾ: ಯಾವ ಗಾಡಿಯದೆಂದು ಕೇಳಿಕೊಂಡ ಮೇಲೆ. ಕ್ಯಾಮೆರಾಗೂ ಪರದೆಗೂ ಒಮ್ಮೆ ಗಂಟುಹಾಕುವ ಕ್ರಮವನ್ನು ಪೇರಿಂಗ್ ಎನ್ನುತ್ತಾರೆ. ಗಂಟು ಬಿದ್ದಿರುವುದು ಹಾರ್ಸಿನ ಪರದೆಯೊಡನೆ, ಹಾರ್ಸೋ ಯಾರ್ಡಿನಲ್ಲಿ ದಿನಕ್ಕೊಂದು ಟ್ರೇಲರನ್ನು ಎಳೆಯುವಂಥದು. ಒಮ್ಮೆ ಈ ಟ್ರೇಲರಿಗೆ ಬೇರೆ ಹಾರ್ಸ್ ಬಂದು ವಿದ್ಯುತ್ ಕೊಟ್ಟಾಗ, ಪಕ್ಕದ ಸಾಲಿನಲ್ಲಿದ್ದ ಹಳೆಯ ಹಾರ್ಸಿನ ಚಾಲಕರು ಪರದೆಯಲ್ಲಿ ಇದರ ಬೆನ್ನ ಹಿಂದಿನ ಖಾಲಿ ಜಾಗವನ್ನು ಕಂಡು ನೆಮ್ಮದಿಯಿಂದ ತಮ್ಮ ಗಾಡಿಯನ್ನು ಹಿಂದಕ್ಕೆ ಬಿಟ್ಟರು. ಅವರ ಹಿಂದೆ ಜಾಗವಿರಲಿಲ್ಲ. ಪರದೆಯಲ್ಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನೂ ತಯಾರಕರು ಈ ಗಾಡಿಯ ಎತ್ತರ ನೋಡಿ ಎಳೆದವರಲ್ಲ. ನೆಲದ ಮೇಲೆ ಅಳತೆ ಹಿಡಿದು ಹೊಂದಿಸದಿದ್ದರೆ ಅವು ರಂಗೋಲಿ.

ಪ್ರಶ್ನೆ: ಅಪಘಾತವಾದರೆ ಹೊಣೆ ಯಾರದು?

ಕ್ಯಾಮೆರಾ: ಹಿಂದೆ ಯಾರಿಗೂ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದವನು ಚಾಲಕನೇ ಎನ್ನುತ್ತದೆ ಕಾನೂನು. ಮೊದಲು ಆತ ‘ಕಾಣಲಿಲ್ಲ’ ಎನ್ನಬಹುದಿತ್ತು, ಈಗ ಅದೂ ಇಲ್ಲ. ಹಿಂದೆ ಒಬ್ಬ ಮನುಷ್ಯ ನಿಲ್ಲಲಿ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ, ಕ್ಯಾಮೆರಾ ಅವನ ಜೊತೆಗಿರಲಿ ಎಂಬುದೇ ಈ ಕ್ಯಾಮೆರಾದ ಶಿಫಾರಸು.

ಆ ಮನುಷ್ಯನಿಗೆ ಸಂಬಳ ಯಾರು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಬರುವ ಮೊದಲೇ ಹಾರ್ಸನ್ನು ಕಳಚಿ ಬೇರೊಂದು ಟ್ರೇಲರಿಗೆ ಕೊಂಡೊಯ್ಯಲಾಯಿತು. ಗಾಡಿಗೆ ಸ್ವಂತ ಬ್ಯಾಟರಿ ಇಲ್ಲದ ಕಾರಣ, ಹಾರ್ಸ್ ಮತ್ತೆ ಕೂಡುವವರೆಗೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ.