ತಕ್ಕಡಿರಾಯರು

ನಿವೃತ್ತಿವೇತನವೂ ಮಧ್ಯಾಹ್ನದ ನಿದ್ರೆಯೂ ಸಾಲದೆ, ಪತ್ನಿಯ ಪಾಕಶಾಲೆಯನ್ನೂ ತಮ್ಮ ಅಧಿಕಾರವ್ಯಾಪ್ತಿಗೆ ಸೇರಿಸಿಕೊಂಡಿರುವ ಮಹನೀಯರೊಬ್ಬರು ನಮ್ಮ ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದೇ ಇರುತ್ತಾರೆ. ತಂದೆತಾಯಿಗಳಿಟ್ಟ ನಾಮಧೇಯವೇನೇ ಆಗಿರಲಿ, ಅವರನ್ನು ತಕ್ಕಡಿರಾಯರೆಂದು ಕರೆಯುವುದೇ ಯುಕ್ತ. 1956ರ ಕಾಯಿದೆಯು ಸೇರು ಚಟಾಕುಗಳನ್ನು ಪದಚ್ಯುತಗೊಳಿಸಿ ಗ್ರಾಂ ಕಿಲೋಗ್ರಾಂಗಳಿಗೆ ಪಟ್ಟಗಟ್ಟಿದ ಬಳಿಕವೂ ತಮ್ಮ ಮನೆಯಲ್ಲಿ ಹಿತ್ತಾಳೆಯ ಪಾವೊಂದು ನಿರಾತಂಕವಾಗಿ ರಾಜ್ಯವಾಳುತ್ತಿರುವುದು ಅವರಿಗೆ ಮಹಾವ್ಯಥೆ.

ಅಕ್ಕಿಬೇಳೆಗಳ ವಿಷಯದಲ್ಲಿ ರಾಯರು ಸಹಿಷ್ಣುಗಳೇ. ಬಾದಾಮಿ, ಗೋಡಂಬಿ, ಅಕ್ರೋಟುಗಳ ಪ್ರಸ್ತಾಪ ಬಂದೊಡನೆ ಮಾತ್ರ (ಬೆಲೆಯೂ ಇದಕ್ಕೊಂದು ಕಾರಣವಿದ್ದೀತು) ಅವರ ಶಾಸ್ತ್ರಪ್ರಜ್ಞೆ ಎಚ್ಚರಗೊಳ್ಳುತ್ತದೆ. ಅಮೆರಿಕದಲ್ಲಿರುವ ಮಗಳು ಹಲ್ವಕ್ಕೆ ಒಂದು ಕಪ್ಪು ಬಾದಾಮಿಯೆಂದು ಬರೆದು ಕಳುಹಿಸಿದ್ದೇ ತಡ, ಪುಟ್ಟ ತಕ್ಕಡಿಯೊಡನೆ ಒಲೆಯ ಬಳಿ ಪ್ರತ್ಯಕ್ಷರಾಗುತ್ತಾರೆ.

“ಇಡಿಯದೋ, ಸೀಳಿದ್ದೋ, ಪುಡಿಯೋ? ಅದನ್ನು ಹೇಳದಿದ್ದರೆ ಕಪ್ಪಿಗೆ ಅರ್ಥವೇನೇ?”

“ನಿಮಗೆ ಬೇಕಾದ್ದು ಹಲ್ವವೋ, ಅರ್ಥವೋ ಹೇಳೀಂದ್ರೆ.”

ನ್ಯಾಯವಾಗಿ ನುಡಿಯುವುದಾದರೆ, ರಾಯರ ಶಾಸ್ತ್ರದಲ್ಲಿ ಲೋಪವಿಲ್ಲ. ಸುಮಾರು 240 ಮಿಲಿಲೀಟರು ಹಿಡಿಯುವ ಅಮೆರಿಕದ ಕಪ್ಪಿನಲ್ಲಿ ಇಡಿಯ ಬಾದಾಮಿ ಹೆಚ್ಚುಕಡಮೆ 143 ಗ್ರಾಂ ತೂಗಿದರೆ, ತೆಳುಬಿಲ್ಲೆಗಳಾಗಿ ಸೀಳಿದ್ದು 92, ಪುಡಿ 95 ಗ್ರಾಂ ಮಾತ್ರ. ಅಕ್ರೋಟಿನದು ಇದಕ್ಕೆ ವಿಪರೀತ ಸ್ವಭಾವವಾದುದರಿಂದ, ಡೊಂಕುಡೊಂಕಾದ ಹೋಳುಗಳು 100 ಗ್ರಾಂ ತೂಗುವ ಎಡೆಯಲ್ಲಿ, ಕೊಚ್ಚಿದ ಚೂರುಗಳು ಸಂದುಗಳನ್ನೆಲ್ಲ ತುಂಬಿಕೊಂಡು 117ಕ್ಕೆ ಏರುತ್ತವೆ. ಹೀಗೆ ಒಂದನ್ನು ಕತ್ತರಿಸಿದರೆ ಕಪ್ಪು ಹಗುರ, ಇನ್ನೊಂದನ್ನು ಕತ್ತರಿಸಿದರೆ ಭಾರ ಎಂಬ ಈ ವೈಚಿತ್ರ್ಯವನ್ನು ಅವರು ಕೋಷ್ಟಕವಾಗಿ ಬರೆದು ಮಸಾಲೆಡಬ್ಬಿಯ ಮೇಲ್ಗಡೆ ಅಂಟಿಸಿದ್ದಾರೆ. ಒಗ್ಗರಣೆಯ ಎಣ್ಣೆ ಸಿಡಿದು ಗೋಡಂಬಿಯ ಸಾಲು ಈಗ ಓದಲು ಬಾರದು.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅವರೊಡನೆ ಹೋಗುವುದೆಂದರೆ ಧೈರ್ಯಸ್ಥರ ಕಾರ್ಯ. ಸೇರಿನಲ್ಲಿ ಅಳೆಯುತ್ತಿದ್ದ ಹೆಂಗಸನ್ನು ತಡೆದು, “ಸಿಪ್ಪೆಯೂ ಗಾಳಿಯೂ ಕೂಡಿದ ಈ ಸೇರಿನಲ್ಲಿ ಬೀಜವೆಷ್ಟು, ತಾಯಿ?” ಎಂದು ಗಂಭೀರವಾಗಿ ಪ್ರಶ್ನಿಸಿದಾಗ, ಆಕೆ ಒಂದು ಹಿಡಿ ಕೊಸರು ಸುರಿದು, “ಗಾಳೀದು ಇದ್ರಾಗೆ ವಜಾ ಆಯ್ತು, ನಡೀರಿ ಸ್ವಾಮಿ” ಎಂದಳು. ಇಷ್ಟು ಶೀಘ್ರವಾದ ಪರಿವರ್ತನೆ ಯಾವ ಕೋಷ್ಟಕದಲ್ಲಿಯೂ ಇಲ್ಲ.

ಇಂಥವರು ಮನೆಯಲ್ಲಿರುವ ಗೃಹಿಣಿಯರಿಗೆ ನನ್ನದೊಂದು ವಿಜ್ಞಾಪನೆ. ಹಲ್ವದ ಹಿಂದಿನ ರಾತ್ರಿಯೇ, ರಾಯರು ಮಲಗಿದ ಮೇಲೆ, ಬಾದಾಮಿಯನ್ನು ಪಾವಿನಲ್ಲಿ ಅಳೆದು ನೆನೆಹಾಕಿಬಿಡಿ. ನೀರು ಕುಡಿದ ಬಾದಾಮಿ ತೂಕದಲ್ಲಿಯೂ ಗಾತ್ರದಲ್ಲಿಯೂ ಬೆಳೆಯುತ್ತದೆ. ಅದಕ್ಕೆ ಅವರ ಕೋಷ್ಟಕದಲ್ಲಿ ಅಂಕಣವಿಲ್ಲ.